ಶಾರೀರಕ್ಕೆ ಜಾತಕ ಕೇಳುವವರಿಗೆ



ನವೆಂಬರ್ ತಿಂಗಳು ಬಂದಿತೆಂದರೆ ನಮ್ಮ ನಲ್ಲೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಧ್ವನಿವರ್ಧಕಗಳು ಎಚ್ಚರಗೊಳ್ಳುತ್ತವೆ. ಮೊದಲು ಹಾಡು, ಅನಂತರ ಭಾಷಣ. ಭಾಷಣಕಾರರಲ್ಲಿ ಕೆಲವರು ಒಂದು ಆಕ್ಷೇಪವನ್ನು ತಪ್ಪದೆ ಎತ್ತುತ್ತಾರೆ: ಕನ್ನಡದ ಅನ್ನವನ್ನು ಪರಭಾಷೆಯವರು ಉಂಡರು, ನಮ್ಮ ಚಿತ್ರಗೀತೆಗಳನ್ನು ಕೂಡ ಆಂಧ್ರದವರೇ ಹಾಡಿ ನಮ್ಮವರ ಬಾಯಿಗೆ ಮಣ್ಣು ಹಾಕಿದರು. ಕೂಡಲೇ ಚಪ್ಪಾಳೆ. ಐದು ನಿಮಿಷದ ಹಿಂದೆ ಅದೇ ಧ್ವನಿವರ್ಧಕದಲ್ಲಿ ನಾಡಿನ ಮಹಿಮೆಯನ್ನು ಹಾಡಿ ತಮ್ಮನ್ನು ಪುಲಕಗೊಳಿಸಿದ ಕಂಠ ಯಾರದೆಂದು ಚಪ್ಪಾಳೆ ತಟ್ಟಿದವರು ಯೋಚಿಸುವುದಿಲ್ಲ. 1973ರ ‘ಗಂಧದ ಗುಡಿ’ಯ ಆ ಹಾಡನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು, ಇಂದಿನ ಆಂಧ್ರಪ್ರದೇಶದ ಕಾಕಿನಾಡದಲ್ಲಿ. ಮನೆಮಾತು ತೆಲುಗು.

ಬಿ.ಕಾಂ. ಪದವೀಧರರಾದ ಶ್ರೀನಿವಾಸರಿಗೆ ಸಂಗೀತದಲ್ಲಿ ಭವಿಷ್ಯವಿಲ್ಲವೆಂದು ಜ್ಯೋತಿಷಿಯೊಬ್ಬರು ಜಾತಕ ನೋಡಿ ಹೇಳಿದ್ದರಂತೆ. ಆ ಮಾತಿಗೆ ಅವರು ಸೊಪ್ಪು ಹಾಕಲಿಲ್ಲ. ವೈಣಿಕ ಈಮನಿ ಶಂಕರಶಾಸ್ತ್ರಿಗಳ ಆಶ್ರಯದಲ್ಲಿ ಜೆಮಿನಿ ಸಂಸ್ಥೆಯ ‘ಮಿಸ್ಟರ್ ಸಂಪತ್’ (1952) ಎಂಬ ಹಿಂದಿ ಚಿತ್ರಕ್ಕೆ ಹಾಡಿದರು. ಮರುವರ್ಷ ಕನ್ನಡಕ್ಕೆ ಬಂದರು. ಬಂದ ಚಿತ್ರದ ಹೆಸರು ‘ಜಾತಕಫಲ’! 1960ರ ‘ಭಕ್ತ ಕನಕದಾಸ’ದಿಂದ ಮುಂದೆ ಸುಮಾರು ಒಂದೂವರೆ ದಶಕ, ರಾಜ್‌ಕುಮಾರರು ತೆರೆಯ ಮೇಲೆ ಹಾಡಿದಾಗ ಕೇಳಿದ ಕಂಠ ಬಹುಮಟ್ಟಿಗೆ ಇವರದೇ. ತಾವು ಶರೀರ ಮಾತ್ರ, ಶಾರೀರ ಶ್ರೀನಿವಾಸರದು ಎಂದು ರಾಜ್ ಹೇಳುತ್ತಿದ್ದುದನ್ನು ನಮ್ಮ ತಲೆಮಾರು ಮರೆತಿಲ್ಲ.

ಆಕ್ಷೇಪ ಎತ್ತುವವರ ವಾದದಲ್ಲಿ ಒಂದು ಕಾಳು ಸತ್ಯವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಕಾಲದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಗಾಯಕರಿಗೆ ಚಿತ್ರರಂಗದಲ್ಲಿ ಅವಕಾಶ ವಿರಳವಾಗಿತ್ತು. ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯುವವರೆಗೆ ಕರ್ನಾಟಕದಲ್ಲಿ ಹುಟ್ಟಿದ ಯಾವ ಹಿನ್ನೆಲೆ ಗಾಯಕರಿಗೂ ಆ ಗೌರವ ಸಂದಿರಲಿಲ್ಲ. ಆದರೆ ಇದಕ್ಕೆ ಕಾರಣವೇನು? ಅಂದು ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದೇ ಮದರಾಸಿನಲ್ಲಿ. ಸ್ಟುಡಿಯೋ ಅಲ್ಲಿ, ವಾದ್ಯವೃಂದ ಅಲ್ಲಿ, ಧ್ವನಿಮುದ್ರಣ ಅಲ್ಲಿ. ಹಾಡುವವರು ಕೂಡ ಅಲ್ಲಿಯೇ ಸಿಕ್ಕಿದರು. ನಮ್ಮ ಊರಿನಲ್ಲಿ ಒಲೆ ಹೂಡದೆ ನೆರೆಮನೆಯಲ್ಲಿ ಅಡುಗೆ ಮಾಡಿಸಿಕೊಂಡವರು, ಬಡಿಸಿದ ಕೈಯನ್ನು ದೂರುವುದು ಯಾವ ಧರ್ಮ?

ಇನ್ನು, ಬಡಿಸಿದ ಕೈ ಎಷ್ಟು ಶುದ್ಧವಾಗಿತ್ತೆಂಬುದನ್ನು ನೋಡೋಣ. ಕನ್ನಡ ಕಲಿಸಿ ಬದುಕಿದವನು ನಾನು. ನನ್ನ ಕಿವಿ ಮೊದಲು ಹುಡುಕುವುದು ಅಕ್ಷರವನ್ನು, ಆಮೇಲೆ ರಾಗವನ್ನು. ಶ್ರೀನಿವಾಸರ ಹಾಡುಗಳಲ್ಲಿ ಮಹಾಪ್ರಾಣ ಮಹಾಪ್ರಾಣವಾಗಿಯೇ ಕೇಳಿಸುತ್ತದೆ, ಳಕಾರ ಲಕಾರವಾಗುವುದಿಲ್ಲ, ಸಮಾಸಪದ ನಡುವೆ ಮುರಿಯುವುದಿಲ್ಲ. ‘ಕಸ್ತೂರಿ ನಿವಾಸ’ವನ್ನೋ ‘ಬಂಗಾರದ ಮನುಷ್ಯ’ವನ್ನೋ ಕೇಳಿ ನೋಡಿ. ಅನಂತರ, ಕನ್ನಡದ ಮನೆಯಲ್ಲೇ ಹುಟ್ಟಿ ‘ಹಾಲು’ ಎನ್ನಲಾರದೆ ‘ಆಲು’ ಎನ್ನುವ ಇಂದಿನ ನಿರೂಪಕರನ್ನು ಕೇಳಿ. ಇವರಲ್ಲಿ ಪರಭಾಷಿಕರು ಯಾರು?

ಅವರ ನಿಷ್ಠೆ ಹಾಡಿನ ಕೂಲಿಗೆ ಮುಗಿಯಲಿಲ್ಲ. ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಅವರು ಕವಿತೆ ಬರೆದರು. ಜೇಬಿನ ತುಂಬ ಪೆನ್ನುಗಳನ್ನಿಟ್ಟುಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕುಳಿತು ಬರೆಯುವುದು ಅವರ ನಿತ್ಯಕರ್ಮವಾಗಿತ್ತು; ಆ ಹೋಟೆಲು 2008ರಲ್ಲಿ ಮುಚ್ಚಿತು. ಅದನ್ನು ಕಟ್ಟಿದವರು ಯಾರು ಬಲ್ಲಿರಾ? ದಕ್ಷಿಣ ಕನ್ನಡದ ಕಡಂದಲೆಯಿಂದ ಮದರಾಸಿಗೆ ಹೋದ ಕೃಷ್ಣರಾಯರು. ನಮ್ಮವರು ಅಲ್ಲಿ ದೋಸೆ ಹಾಕಿ ಬೆಳೆದರೆ ಸಾಹಸ, ಅಲ್ಲಿಯವರು ಇಲ್ಲಿ ಹಾಡಿ ಬೆಳೆದರೆ ಕಳ್ಳತನವೆ?

1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶರು ರಾಜ್‌ಕುಮಾರರಿಂದಲೇ ಹಾಡಿಸಿದರು. ಹಾಡು ಗೆದ್ದಿತು, ಮುಂದೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡಿಕೊಂಡರು, ಶ್ರೀನಿವಾಸರಿಗೆ ಕನ್ನಡದಲ್ಲಿ ಅವಕಾಶ ಕುಗ್ಗಿತು. ಇಬ್ಬರ ಸ್ನೇಹ ಮಾತ್ರ ಕುಗ್ಗಲಿಲ್ಲ. ನಷ್ಟಪಟ್ಟವರೇ ನಗುನಗುತ್ತ ಇದ್ದಾಗ, ನಷ್ಟವೇ ಆಗದ ನಾವು ಅವರ ಪರವಾಗಿಯೋ ವಿರೋಧವಾಗಿಯೋ ಹಗೆ ಸಾಧಿಸುವುದೇಕೆ?

ಹುಟ್ಟಿದ ಊರನ್ನೇ ಅಳತೆಗೋಲು ಮಾಡುವುದಾದರೆ ಆ ಅಳತೆ ಎಲ್ಲಿಗೆ ಮುಟ್ಟುತ್ತದೆಂದು ನೋಡಿ. 1982ರಲ್ಲಿ ಗೋಕಾಕ್ ಚಳವಳಿಗೆ ಧುಮುಕಿ ನಾಡನ್ನೇ ಎಬ್ಬಿಸಿದ ರಾಜ್‌ಕುಮಾರರ ಹುಟ್ಟೂರು ಗಾಜನೂರು ಇಂದು ತಮಿಳುನಾಡಿನಲ್ಲಿದೆ. ಮನೆಮಾತನ್ನು ಅಳತೆ ಮಾಡಿದರೆ ಮಾಸ್ತಿಯವರದು ತಮಿಳು, ಬೇಂದ್ರೆಯವರದು ಮರಾಠಿ. 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟ ಕಿಟ್ಟೆಲ್ ಜರ್ಮನಿಯವರು. ಇವರನ್ನೆಲ್ಲ ಗಡಿಯಾಚೆ ಕಳುಹಿಸಿ ಉಳಿದುದನ್ನು ಕನ್ನಡವೆಂದು ಮೆರೆಯಲು ಸಿದ್ಧರಿದ್ದೀರಾ?

ಹಳೆಯ ಚಿತ್ರಗೀತೆಗಳ ವಿಚಾರಕ್ಕೆ ಮೇಷ್ಟ್ರು ಇಷ್ಟು ಕಾವೇರುವುದೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ದೇವನಹಳ್ಳಿ, ಹೊಸಕೋಟೆ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ ಆಡುವ ಕುಟುಂಬಗಳು ಎಷ್ಟಿವೆಯೆಂದು ನಿಮಗೆ ಗೊತ್ತು; ನಿಮ್ಮಲ್ಲೇ ಅನೇಕರು ಅಂಥ ಮನೆಗಳ ಮಕ್ಕಳು. ನಾನು ನೌಕರಿಯಲ್ಲಿದ್ದಾಗ ಅಂತಹ ಮನೆಯ ಹುಡುಗಿಯೊಬ್ಬಳಿಗೆ ಕನ್ನಡ ಪ್ರಬಂಧದಲ್ಲಿ ಮೊದಲ ಬಹುಮಾನ ಬಂದಿತು. ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು, ‘ತೆಲುಗರ ಮಗುವಿಗೆ ಕನ್ನಡದ ಬಹುಮಾನವೆ?’ ಎಂದು ನಗೆಯಾಡಿದರು. ಸಭೆಯೂ ನಕ್ಕಿತು. ಆ ಮಗು ಮರುವರ್ಷ ಸ್ಪರ್ಧೆಗೆ ಹೆಸರು ಕೊಡಲಿಲ್ಲ. ನಾನೆಷ್ಟು ಹೇಳಿದರೂ ಕೊಡಲಿಲ್ಲ. ಧ್ವನಿವರ್ಧಕದ ಭಾಷಣ ಶ್ರೀನಿವಾಸರನ್ನು ಮುಟ್ಟಲಾರದು. ಅವರು 2013ರ ಏಪ್ರಿಲ್ 14ರಂದೇ ತೀರಿಕೊಂಡರು. ಅದು ಮುಟ್ಟುವುದು ಬೆಂಚಿನ ಮೇಲೆ ಕುಳಿತ ಇಂಥ ಮಕ್ಕಳನ್ನು. ಕನ್ನಡ ಕಳೆದುಕೊಳ್ಳುವುದು ಅವರನ್ನು.

ಪರಸ್ಥಳದ್ದೆಲ್ಲ ಪರಕೀಯವೆನ್ನುವವರು ಒಮ್ಮೆ ನಮ್ಮೂರಿನ ಹುಣಸೆ ತೋಪಿಗೆ ಬರಲಿ. 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ತೋಪು ಅದು. ಹುಣಸೆಯ ಮೂಲ ಆಫ್ರಿಕಾ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆದರೂ ಹುಣಸೆ ಹಿಂಡದ ಸಾರನ್ನು ನಮ್ಮ ಯಾವ ಮನೆಯಲ್ಲಿ ಉಣ್ಣುತ್ತೇವೆ? ಈ ಮಣ್ಣಿನಲ್ಲಿ ಬೇರಿಳಿಸಿ, ಈ ಜನಕ್ಕೆ ನೆರಳು ಕೊಟ್ಟದ್ದು ಈ ನೆಲದ್ದೇ.

ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ಈ ಬಾರಿಯ ರಾಜ್ಯೋತ್ಸವದಂದು ಹಾಡು ಹಾಕುವ ಮೊದಲು ಹಾಡಿದವರ ಹೆಸರನ್ನೂ ಊರನ್ನೂ ಮಕ್ಕಳಿಗೆ ಹೇಳಿ. ಪಿ.ಬಿ. ಶ್ರೀನಿವಾಸ್, ಕಾಕಿನಾಡ. ಅಷ್ಟು ಸಾಕು, ಮಿಕ್ಕದ್ದನ್ನು ಹಾಡು ಹೇಳುತ್ತದೆ.