ಕುಲ ತೊರೆದ ಕತ್ತಿ

ಅಮೆರಿಕದ ಗ್ರೆಗ್ ಸ್ಟ್ಯಾಫರ್ಡ್ 1966ರಲ್ಲಿ ಕಟ್ಟತೊಡಗಿದ ಕಲ್ಪಿತ ಲೋಕದ ಹೆಸರು ಗ್ಲೊರಾಂಥಾ. 1978ರ ‘ರೂನ್‌ಕ್ವೆಸ್ಟ್’ ಆಟದಿಂದ ಅದು ಹೆಸರಾಯಿತು. ಆಟದ ಸರಕು ಎಂದು ಸಾಹಿತ್ಯದವರು ಅತ್ತ ತಲೆ ಹಾಕಿದ್ದು ಕಡಿಮೆ, ನಷ್ಟ ಅವರದೇ. ಪೊಲೀಸು, ಕೋರ್ಟು ಇಲ್ಲದ ಕಡೆ ಮನುಷ್ಯನ ಬೆನ್ನಿಗೆ ಯಾರಿರುತ್ತಾರೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸುವ ಕಲ್ಪನೆಗಳು ಹೆಚ್ಚಿಲ್ಲ.

ಅಲ್ಲಿನ ಗುಡ್ಡಗಾಡಿನ ಓರ್ಲಾಂಥಿಗಳಿಗೆ ಕುಲವೇ ಎಲ್ಲ. ಹೊಲ ಕುಲದ್ದು, ದನ ಕುಲದ್ದು, ಹಗೆಯೂ ಕುಲದ್ದು. ಪಕ್ಕದ ಕುಲದ ದನ ಹೊಡೆದುಕೊಂಡು ಬರುವುದು ಪರಾಕ್ರಮ. (ತುರುಗೋಳಿನ ವೀರಗಲ್ಲುಗಳ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಒಬ್ಬ ಕೊಲೆ ಮಾಡಿದರೆ ಅವನ ಕುಲ ರಕ್ತದ ಬೆಲೆ ತೆರಬೇಕು, ಇಲ್ಲವೇ ಸೇಡಿಗೆ ಸಿದ್ಧವಾಗಬೇಕು. ಹೊರೆ ಮಿತಿಮೀರಿದರೆ ಅವನನ್ನು ಹೊರಗಟ್ಟುತ್ತಾರೆ. ಆಮೇಲೆ ಅವನನ್ನು ಯಾರು ಕೊಂದರೂ ಕೇಳುವವರಿಲ್ಲ.

ಹೀಗೆ ಹೊರಬಿದ್ದವನ ಪಕ್ಕದಲ್ಲೇ ಸ್ಟ್ಯಾಫರ್ಡ್ ಇನ್ನೊಬ್ಬನನ್ನು ನಿಲ್ಲಿಸುತ್ತಾನೆ: ತಾನಾಗಿ ಕುಲ ಬಿಟ್ಟವನು. ಇಂಥವನು ಪೂಜಿಸುವ ಹುಮಾಕ್ಟ್ ಸಾವಿನ ದೇವರು, ಕತ್ತಿಯ ದೇವರು. ಸಾವೆಂಬ ಆಯುಧ ಸೋದರನೂ ಓರ್ಲಾಂಥಿಗಳ ದೇವರೂ ಆದ ಓರ್ಲಾಂಥ್‌ನ ಕೈ ಸೇರಿ ಸೂರ್ಯ ಚಕ್ರವರ್ತಿಯ ಕೊಲೆಯಾದ ಮೇಲೆ ಹುಮಾಕ್ಟ್ ಆ ಸಂಬಂಧವನ್ನೇ ಕಡಿದುಕೊಂಡ. ಅವನ ಒಕ್ಕಲಿನ ಯೋಧರಲ್ಲಿ ಅನೇಕರು ಅದೇ ದಾರಿ ಹಿಡಿಯುತ್ತಾರೆ. ಸತ್ತ ಮೇಲೆ ಮಂತ್ರಬಲದಿಂದ ಮರಳಿ ಬದುಕುವುದೂ ಅವರಿಗೆ ನಿಷಿದ್ಧ. ಆತ್ಮಶ್ರಾದ್ಧ ಮಾಡಿಕೊಂಡು ಮನೆ ಬಿಡುವ ಸಂನ್ಯಾಸಿಯ ನೆನಪಾಗದೆ ಇರದು. ಇವರ ಕೈಯಲ್ಲಿ ದಂಡದ ಬದಲು ಕತ್ತಿ, ಅಷ್ಟೆ. ಇಂಥವನು ಎಲ್ಲರಿಗೂ ಬೇಕು. ಅವನನ್ನು ಜಗಳಕ್ಕೆ ಕರೆತಂದರೆ ಹಿಂದೆ ಮೂರನೆಯ ಕುಲವೊಂದು ಸೇಡು ಹೊತ್ತು ಬರುವುದಿಲ್ಲ.

ಆದರೆ ನೆಂಟಸ್ತಿಕೆ ಅಷ್ಟು ಸಲೀಸಾಗಿ ಕಡಿಯುತ್ತದೆಯೇ? ಐಸ್‌ಲೆಂಡಿನ ಹಳೆಯ ವೀರಕಥೆ, ಗ್ರೆಟ್ಟಿರನ ಸಾಗಾ, ಹಾಗೆನ್ನುವುದಿಲ್ಲ. ಬಹಿಷ್ಕೃತನಿಗೆ ಅನ್ನ, ಆಸರೆ ಕೊಡುವುದೇ ಅಪರಾಧವಾಗಿದ್ದ ನಾಡು ಅದು. ಹತ್ತೊಂಬತ್ತು ವರ್ಷಗಳ ಬಹಿಷ್ಕಾರದ ಕೊನೆಗೆ ಗ್ರೆಟ್ಟಿರ್ ಡ್ರಾಂಗೆ ಎಂಬ ಕಡಿದಾದ ನಡುಗಡ್ಡೆ ಸೇರಿದ. ತಮ್ಮ ಇಲ್ಲುಗಿ ಜೊತೆಗೆ ಹೋದ. ಕಾಲು ಕೊಳೆತು ಸಾಯುತ್ತಿದ್ದ ಅಣ್ಣನನ್ನು ಅವರ ವೈರಿ ಥಾರ್‌ಬ್ಯೋರ್ನ್ ಕೊಂದ. ಗ್ರೆಟ್ಟಿರನದೇ ಕತ್ತಿಯಿಂದ ತಲೆಗೆ ಹೊಡೆದಾಗ ಅಲಗು ಮುಕ್ಕಾಯಿತು. ಸೇಡು ತೀರಿಸುವುದಿಲ್ಲ ಎಂದು ಆಣೆ ಮಾಡಿದರೆ ಜೀವ ಉಳಿಸುತ್ತೇವೆ ಎಂದು ಥಾರ್‌ಬ್ಯೋರ್ನ್ ಕಡೆಯವರು ಅಂದರು. ಇಲ್ಲುಗಿ ಒಪ್ಪಲಿಲ್ಲ, ಅವನನ್ನೂ ಕೊಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ರೆಟ್ಟಿರನ ತಂದೆಯ ಮೊದಲ ಹೆಂಡತಿಯ ಮಗ ಥಾರ್‌ಸ್ಟೈನ್ ನಾರ್ವೆಯಲ್ಲಿದ್ದ. ಕೊಲೆಗಾರನ ಬೆನ್ನು ಹಿಡಿದು ಕಾನ್‌ಸ್ಟಾಂಟಿನೋಪಲ್‌ವರೆಗೆ ಹೋದ, ಅವನಿದ್ದ ಚಕ್ರವರ್ತಿಯ ಕಾವಲುಪಡೆಗೇ ಸೇರಿಕೊಂಡ. ಆಯುಧಗಳ ತಪಾಸಣೆಯ ದಿನ ಥಾರ್‌ಬ್ಯೋರ್ನ್ ಮುಕ್ಕಾದ ಕತ್ತಿ ತೋರಿಸಿ, ಅದು ಮುಕ್ಕಾದ ಬಗೆಯನ್ನು ಜಂಬದಿಂದ ಹೇಳಿಕೊಂಡ. ಕತ್ತಿ ಕೈಯಿಂದ ಕೈಗೆ ಹೋಗಿ ಥಾರ್‌ಸ್ಟೈನ್‌ಗೆ ಸಿಕ್ಕಿತು. ಅದರಿಂದಲೇ ಅವನನ್ನು ಕಡಿದ. ಥಾರ್‌ಸ್ಟೈನ್ ಕುಲ ತೊರೆದ ಹುಮಾಕ್ಟಿಯಾಗಿದ್ದರೆ ಅಷ್ಟು ದೂರ ಹೋಗುವ ಹಕ್ಕೇ ಅವನಿಗೆ ಇರುತ್ತಿರಲಿಲ್ಲ.