ಪೋಸ್ಟರ್ ತಿರುಗಿ ನೋಡುತ್ತಿರಲಿಲ್ಲ

ಕಳೆದ ವಾರದ ಅಂಕಣದಲ್ಲಿ ಲೇಖಕರು ಇನ್‌ಸ್ಟಾಗ್ರಾಮನ್ನು ಸಲೀಸಾಗಿ ಖುಲಾಸೆ ಮಾಡಿದ್ದಾರೆ. ರೂಪದ ಕೊರಗು ಹಿಂದೆಯೂ ಇತ್ತು, ಸಿನಿಮಾ ಪೋಸ್ಟರ್ ಇತ್ತು, ಬೆಳ್ಳಗಾಗಿಸುವ ಕ್ರೀಮಿತ್ತು. ಮೊಬೈಲನ್ನೇ ಬೈಯುವುದೇಕೆ ಎಂಬುದು ಅವರ ವಾದ. ಇತ್ತು, ನಿಜ. 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಕಿತ್ತುಹಾಕಿದ್ದೇ 2020ರಲ್ಲಿ. ಆದರೆ ಪೋಸ್ಟರಿನ ನಟಿ ನಟಿಯಾಗಿದ್ದಳು. ಅವಳ ಹಾಗಿಲ್ಲವೆಂಬ ದುಃಖ ಚಿತ್ರಮಂದಿರದ ಬಾಗಿಲಲ್ಲೇ ಮುಗಿಯಬಹುದಿತ್ತು. ಈಗಿನ ಹೋಲಿಕೆ ಪಕ್ಕದ ಬೆಂಚಿನ ಗೆಳತಿಯ ಜೊತೆ, ಅದೂ ಫಿಲ್ಟರ್ ಮೂಗು ಚೂಪು ಮಾಡಿ ಚರ್ಮ ನುಣುಪಾಗಿಸಿದ ಗೆಳತಿಯ ಜೊತೆ. ಅಲ್ಲೇ ಎರಡು ಕ್ಷಣ ಕಣ್ಣು ನೆಟ್ಟರೆ ಅಂಥವೇ ಇನ್ನಷ್ಟು ಸಾಲುಗಟ್ಟುತ್ತವೆ. ಗೋಡೆಯ ಪೋಸ್ಟರಿಗೆ ಈ ವಿದ್ಯೆ ಗೊತ್ತಿರಲಿಲ್ಲ.

ಪುರಾವೆ ಎಲ್ಲಿ ಎಂದೂ ಕೇಳಿದ್ದಾರೆ. ಇನ್‌ಸ್ಟಾಗ್ರಾಮಿನ ಒಡೆತನದ ಕಂಪನಿಯ ಕಡತದಲ್ಲೇ ಇತ್ತು. ಅಲ್ಲಿನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹಾಗನ್ 2021ರಲ್ಲಿ ಹೊರಗೆಡವಿದ ದಾಖಲೆಗಳಲ್ಲಿ, ಮೊದಲೇ ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಇನ್‌ಸ್ಟಾಗ್ರಾಮ್ ಅದನ್ನು ಹೆಚ್ಚಿಸಿತು ಎಂದಿದ್ದರು. ಇದು ಹುಡುಗಿಯರ ಸ್ವಂತ ಹೇಳಿಕೆ, ಅಂತಿಮ ಸಾಬೀತಲ್ಲ, ಒಪ್ಪೋಣ. ಆದರೂ ಅದನ್ನು ಒಳಗೇ ಇಟ್ಟುಕೊಂಡವರ ಪರ ವಕಾಲತ್ತಿಗೆ ಇಷ್ಟು ಆತುರವೇ?

'ಹೆಣ್ಣುಮಕ್ಕಳು ಮನಸ್ಸು ಗಟ್ಟಿ ಮಾಡಿಕೊಳ್ಳಲಿ' ಎಂಬ ಉಪದೇಶವಂತೂ ಪುಕ್ಕಟೆ. ನಾರ್ವೆ 2021ರಲ್ಲಿ ಬೇರೆ ದಾರಿ ಹಿಡಿಯಿತು: ಮೈಕಟ್ಟು, ಚರ್ಮ ತಿದ್ದಿದ ಜಾಹೀರಾತು ಚಿತ್ರಕ್ಕೆ ಗುರುತು ಹಾಕಲೇಬೇಕು ಎಂಬ ಕಾನೂನು ತಂದಿತು, ಹಣ ಪಡೆದು ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್‌ಗಳಿಗೂ.