ಎಲೆಯೊಳಗಿನ ಸತು

ಕಳೆದ ಮುಂಗಾರಿನಲ್ಲಿ ನಮ್ಮಿಂದ ಒಂದು ಅಪಚಾರವಾಯಿತು. ಅದನ್ನು ಮುಚ್ಚಿಡದೆ ಈ ತಿಂಗಳ ಪುಟದಲ್ಲಿ ಅರಿಕೆ ಮಾಡಿಕೊಳ್ಳುವುದೇ ಉಚಿತವೆಂದು ನಮಗೆ ತೋರಿತು. ಏಕೆಂದರೆ ಆ ತಪ್ಪಿನ ಬೆನ್ನು ಹತ್ತಿ ಹೋದಾಗ ನಮಗೆ ದೊರೆತ ತಿಳಿವಳಿಕೆಯು ಗೃಹಸ್ಥರೆಲ್ಲರಿಗೂ ಹಿತವಾದುದಾಗಿದೆ.

ಸಿಂಧನೂರು ತಾಲ್ಲೂಕಿನ ಮುಕ್ಕುಂದವು ನಮ್ಮ ವಾಸಸ್ಥಾನ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆಯು ಈ ಸೀಮೆಗೆ ಬಂದ ಮೇಲೆ, ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಎರೆಭೂಮಿಯು ಬಹುಮಟ್ಟಿಗೆ ಭತ್ತದ ಗದ್ದೆಯಾಗಿ ಮಾರ್ಪಟ್ಟಿತು. ನಾಟಿಯಾಗಿ ಮೂರು ವಾರ ಕಳೆದಿದ್ದಾಗ, ಒಂದು ಕಾಲಕ್ಕೆ ನಮ್ಮಲ್ಲಿ ಓದಿದ್ದ ನೆರೆಯ ರೈತನೊಬ್ಬನು ಬಂದು, “ಮಾಸ್ತರ್ರೇ, ಪೈರು ಕುಂತಬಿಟ್ಟೈತ್ರಿ, ಕೆಳಗಿನ ಎಲಿಯೆಲ್ಲಾ ಕಾಚಿನ ಬಣ್ಣ ಬಂದೈತಿ. ಏನು ಮಾಡ್ಲಿ?” ಎಂದು ಕೇಳಿದನು. ಗೊತ್ತಿಲ್ಲವೆನ್ನುವ ಅಭ್ಯಾಸವು ಉಪಾಧ್ಯಾಯರಿಗೆ ಕಡಮೆಯಷ್ಟೆ. “ಭೂಮಿಯಲ್ಲಿ ಸಾರ ಸಾಲದು, ಇನ್ನೊಂದು ಚೀಲ ಡಿ.ಎ.ಪಿ. ಹಾಕು” ಎಂದು ನಾವು ಗಂಭೀರವಾಗಿ ಹೇಳಿಬಿಟ್ಟೆವು. ಅವನು ಸಾಲ ತಂದು ಹಾಕಿದನು. ಎಂಟು ದಿನಗಳಲ್ಲಿ ಗದ್ದೆಯು ಮೊದಲಿಗಿಂತಲೂ ಕೆಟ್ಟಿತು. ಕಡೆಗೆ ಬೆಳೆಯನ್ನು ಬಲ್ಲ ಅಧಿಕಾರಿಯೊಬ್ಬರು ಬಂದು ನೋಡಿ, “ಇದು ಸತುವಿನ ಕೊರತೆ, ರಂಜಕದ ಗೊಬ್ಬರ ಹೆಚ್ಚಾದಷ್ಟೂ ಈ ಕೊರತೆ ಬಲಿಯುತ್ತದೆ” ಎಂದರು. ಅವನು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ರಸಶಾಸ್ತ್ರದಲ್ಲಿ ಯಶದವೆಂದು ಕರೆಯುವ ಈ ಲೋಹವನ್ನು ನಾವು ಬಲ್ಲೆವು. ರಸಕವೆಂಬ ಅದಿರಿನಿಂದ ಇದನ್ನು ಇಳಿಸುವ ಕ್ರಮವನ್ನು ರಸರತ್ನಸಮುಚ್ಚಯದಲ್ಲಿ ಹೇಳಿದೆ. ಆದರೆ ಪಾತ್ರೆಗೂ ಭಸ್ಮಕ್ಕೂ ಬೇಕಾದ ಲೋಹಕ್ಕೆ ಭತ್ತದ ಎಲೆಯಲ್ಲಿ ಏನು ಕೆಲಸ? ಜೀವರಸಾಯನವನ್ನು ಓದುತ್ತಿರುವ ನಮ್ಮ ಮೊಮ್ಮಗಳು ರಜೆಗೆ ಬಂದಿದ್ದಳು. ಅವಳನ್ನು ಕೇಳಿದೆವು. “ಅಜ್ಜಾ, ಎಲೆಯಲ್ಲಿ ಸತುವನ್ನು ಹೊತ್ತ ಕಿಣ್ವಗಳಿವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸುವುದೇ ನಮ್ಮ ಈ ವರ್ಷದ ಅಭ್ಯಾಸ” ಎಂದಳು.

ಕಿಣ್ವವೆಂಬ ಶಬ್ದವು ಅಮರಕೋಶದಲ್ಲಿಯೇ ಇದೆ. ಅಲ್ಲಿ ಅದು ಮದ್ಯವನ್ನು ಹುದುಗಿಸುವ ದ್ರವ್ಯ. ಇಂದಿನ ಶಾಸ್ತ್ರದಲ್ಲಿ, ತಾನು ವ್ಯಯವಾಗದೆ ಬೇರೆ ವಸ್ತುಗಳ ಮಾರ್ಪಾಟನ್ನು ತ್ವರೆಗೊಳಿಸುವ ಪ್ರೋಟೀನಿಗೆ ಆ ಹೆಸರು ಸಂದಿದೆ. ಮೊಮ್ಮಗಳು ಹೇಳಿದುದು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬುದು. ಇಂಗಾಲಾಮ್ಲವಾಯುವು ನೀರಿನೊಡನೆ ಸೇರಿ ಬೈಕಾರ್ಬೊನೇಟ್ ಆಗುವುದನ್ನೂ, ಅದು ಮರಳಿ ವಾಯುವಾಗುವುದನ್ನೂ ಇದು ನಡೆಸುತ್ತದೆ. ನಮ್ಮ ರಕ್ತದಲ್ಲಿರುವ ಈ ಕಿಣ್ವದ ಅತಿ ಚುರುಕಾದ ಬಗೆಯ ಒಂದು ಅಣುವು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಈ ಕೆಲಸವನ್ನು ಮಾಡಬಲ್ಲುದು. ಕೇಂಬ್ರಿಜ್ಜಿನಲ್ಲಿ ಮೆಲ್ಡ್ರಮ್ ಮತ್ತು ರಫ್ಟನ್ ಎಂಬವರು 1933ರಲ್ಲಿ ಇದನ್ನು ರಕ್ತದಲ್ಲಿ ಕಂಡರು. ಅದರಲ್ಲಿ ಸತುವಿದೆಯೆಂದು ಕೀಲಿನ್ ಮತ್ತು ಮ್ಯಾನ್ ಕೆಲವೇ ವರ್ಷಗಳಲ್ಲಿ ತೋರಿಸಿದರು. 1939ರಲ್ಲಿ ನೀಶ್ ಎಂಬವರು ಇದು ಎಲೆಗಳಲ್ಲಿಯೂ ಇರುವುದನ್ನು ವರದಿ ಮಾಡಿದರು.

ಇನ್ನು ಇದನ್ನು ಶುದ್ಧಿಗೊಳಿಸುವ ಬಗೆಯನ್ನು ಕೇಳಿರಿ. ಎಳೆಯ ಎಲೆಗಳನ್ನು ತಂದು, ಮಂಜುಗಡ್ಡೆಯ ತಂಪಿನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಬೇಕು. ಎಲೆಯ ಒಗರು ಪ್ರೋಟೀನನ್ನು ಕೆಡಿಸುವುದರಿಂದಲೂ, ಗಿಡದ ಕಿಣ್ವವು ಗಾಳಿಗೆ ಸೋತು ಬೇಗ ಬಲಗುಂದುವುದರಿಂದಲೂ, ಗಂಧಕವುಳ್ಳ ಒಂದು ರಕ್ಷಕದ್ರವ್ಯವನ್ನು ಅರೆಯುವಾಗಲೇ ಬೆರೆಸುವರು. ಆ ಮೇಲೆ ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು ನಾರು ಚರಟಗಳನ್ನು ತಳಕ್ಕೆ ಇಳಿಸುವರು. ತಿಳಿಗೆ ಅಮೋನಿಯಂ ಸಲ್ಫೇಟನ್ನು ಸ್ವಲ್ಪಸ್ವಲ್ಪವಾಗಿ ಹಾಕಿದರೆ, ಒಂದೊಂದು ಪ್ರಮಾಣಕ್ಕೆ ಒಂದೊಂದು ಬಗೆಯ ಪ್ರೋಟೀನು ಗಸಿಯಾಗಿ ಕೂರುತ್ತದೆ. ಬೇಕಾದ ಗಸಿಯನ್ನು ಕರಗಿಸಿ, ಪೊರೆಯ ಚೀಲದಲ್ಲಿಟ್ಟು ಉಪ್ಪನ್ನು ಕಳೆದು, ಸೂಕ್ಷ್ಮವಾದ ಕಣಗಳನ್ನು ತುಂಬಿದ ಗಾಜಿನ ಕೊಳವೆಗಳ ಮೂಲಕ ಇಳಿಸಿದರೆ ಪ್ರೋಟೀನುಗಳು ಬೇರೆಬೇರೆಯಾಗುವುವು.

ಬಲವನ್ನು ಅಳೆಯುವ ಕ್ರಮವೂ ಸೊಗಸಾದುದೇ. ನೀಲಿಬಣ್ಣದ ಸೂಚಕವುಳ್ಳ ತಣ್ಣನೆಯ ದ್ರವಕ್ಕೆ ಇಂಗಾಲಾಮ್ಲವಾಯು ತುಂಬಿದ ನೀರನ್ನು ಹೊಯ್ದರೆ ಆಮ್ಲವು ಹುಟ್ಟಿ ನೀಲಿಯು ಹಳದಿಯಾಗುತ್ತದೆ. ಕಿಣ್ವವಿಲ್ಲದೆ ಎಷ್ಟು ಹೊತ್ತು, ಕಿಣ್ವವಿದ್ದರೆ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿದರಾಯಿತು. ಎರಡು ಬಗೆಯ ಎಲೆಗಳನ್ನು ಹೋಲಿಸುವಾಗ ಎಲೆಯ ತೂಕ ಮಾತ್ರ ಸಾಲದು. ಪ್ರೋಟೀನಿನ ಒಂದು ಮಿಲಿಗ್ರಾಮಿಗೆ ಬಲವೆಷ್ಟು ಎಂಬುದನ್ನು ನೋಡತಕ್ಕದ್ದು. ಶುದ್ಧಿ ಹೆಚ್ಚಿದಂತೆ ಈ ಸಂಖ್ಯೆಯು ಏರುತ್ತದೆ.

ಹೋಲಿಕೆಯಿಂದ ತಿಳಿದುದೇನು? 1970ರಲ್ಲಿ ಟೋಬಿನ್ ಎಂಬವರು ಕೊತ್ತಂಬರಿಯ ಬಂಧುವಾದ ಪಾರ್ಸ್ಲಿ ಎಲೆಯಿಂದ ಈ ಕಿಣ್ವವನ್ನು ಶುದ್ಧಿಗೊಳಿಸಿದರು. ಅಣುಭಾರ ಸುಮಾರು 1,80,000. ಅದರಲ್ಲಿ ಸತುವಿನ ಪರಮಾಣುಗಳು 6. ರಕ್ತದ ಕಿಣ್ವವೋ ಸುಮಾರು 30,000 ಭಾರದ್ದು. ಅದರಲ್ಲಿ ಸತು ಒಂದೇ. ಬಟಾಣಿಯ ಕಿಣ್ವದ ಆಕಾರವು 2000ದಲ್ಲಿ ಗೊತ್ತಾದಾಗ, ಅದು ಎಂಟು ಎಳೆಗಳ ಕೂಟವೆಂದು ಕಂಡಿತು. ಎಲೆಯದೂ ರಕ್ತದ್ದೂ ಮಾಡುವ ಕೆಲಸ ಒಂದೇ, ಹಿಡಿದಿರುವ ಲೋಹವೂ ಒಂದೇ. ಆದರೆ ಪ್ರೋಟೀನಿನ ವಂಶಗಳು ಬೇರೆ. ಹೆಸರು ಒಂದಾದರೂ ಗೋತ್ರ ಬೇರೆಯೆನ್ನಬಹುದು.

ಎಲೆ ಎಲೆಗೂ ಭೇದವುಂಟು. ಭತ್ತದಲ್ಲಿ ಈ ಕಿಣ್ವದ ಬಹುಪಾಲು ಹಸುರು ಕಣಗಳ ಒಳಗೇ ಇರುತ್ತದೆ. ಜೋಳದಲ್ಲಿ ಅದು ಎಲೆಯ ಹೊರಸಾಲಿನ ಕೋಶಗಳಲ್ಲಿ, ಹಸುರು ಕಣಗಳ ಹೊರಗಿನ ದ್ರವದಲ್ಲಿದ್ದುಕೊಂಡು, ವಾಯುವನ್ನು ಬೈಕಾರ್ಬೊನೇಟಾಗಿ ಮಾಡಿಕೊಡುತ್ತದೆ. ಜೋಳವು ಇಂಗಾಲವನ್ನು ಮೊದಲು ಹಿಡಿಯುವುದು ಆ ರೂಪದಲ್ಲಿಯೇ. ನಮ್ಮ ಸೀಮೆಯ ಹಳೆಯ ಬೆಳೆಗೂ ಹೊಸ ಬೆಳೆಗೂ ಹೀಗೆ ಒಳಗಿನ ವ್ಯವಸ್ಥೆಯೇ ಬೇರೆ.

ಈಗ ಗದ್ದೆಗೆ ಮರಳೋಣ. ಮಣ್ಣಿನಲ್ಲಿ ಸತು ಇಲ್ಲವೆಂದಲ್ಲ; ಸುಣ್ಣದ ಅಂಶವುಳ್ಳ ಕ್ಷಾರದ ಎರೆಯಲ್ಲಿ ನೀರು ನಿಂತಾಗ ಅದು ಬೇರಿಗೆ ಸಿಕ್ಕದಂತಾಗುತ್ತದೆ. ಸತು ದೊರೆಯದ ಎಲೆಯಲ್ಲಿ ಈ ಕಿಣ್ವದ ಬಲವು ಕುಗ್ಗುವುದು. ಆದಕಾರಣ ಅದರ ಅಳತೆಯಿಂದಲೇ ಗಿಡದ ಸತುವಿನ ಸ್ಥಿತಿಯನ್ನು ಊಹಿಸಲು ಸಾಧ್ಯ. ಸತುವನ್ನು ಬೇಡುವ ಕಿಣ್ವಗಳು ಇನ್ನೂ ಹಲವಿರುವುದರಿಂದ ಬೆಳವಣಿಗೆಯೇ ತಡೆಯುತ್ತದೆ. ಭತ್ತದ ಈ ರೋಗಕ್ಕೆ ಉತ್ತರದಲ್ಲಿ ಖೈರಾ ಎಂದು ಹೆಸರು. ನಮ್ಮ ಖದಿರ, ಎಂದರೆ ಕಾಚಿನ ಮರವೇ ಅಲ್ಲಿ ಖೈರ್. ಅದು ಸತುವಿನ ಕೊರತೆಯೆಂದು 1960ರ ದಶಕದಲ್ಲಿ ಪಂತನಗರದ ನೇನೆಯವರು ಸ್ಥಾಪಿಸಿದರು. ಓದುಬರಹ ಬಲ್ಲ ನಾವು ತೋರದಿದ್ದ ಹೋಲಿಕೆಯನ್ನು ನಮ್ಮ ರೈತನು ಮೊದಲ ಮಾತಿನಲ್ಲಿಯೇ ತೋರಿದ್ದನು!

ಪರಿಹಾರವು ದುಬಾರಿಯಲ್ಲ. ನಾಟಿಗೆ ಮುಂಚೆ ಹೆಕ್ಟೇರಿಗೆ 25 ಕಿಲೋಗ್ರಾಂ, ಎಂದರೆ ಎಕರೆಗೆ ಸುಮಾರು 10 ಕಿಲೋಗ್ರಾಂ ಸತುವಿನ ಸಲ್ಫೇಟನ್ನು ಹಾಕುವುದು ವಾಡಿಕೆ. ರಂಜಕದ ಗೊಬ್ಬರದೊಡನೆ ಅದನ್ನು ಕಲಸಬಾರದು. ನಿಂತ ಬೆಳೆಗಾದರೆ, ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟನ್ನೂ ಅದರ ಅರ್ಧದಷ್ಟು ಸುಣ್ಣವನ್ನೂ ಬೆರೆಸಿ ಸಿಂಪಡಿಸುವರು. ಪ್ರತಿ ಬೆಳೆಗೂ ಕಣ್ಣುಮುಚ್ಚಿ ಹಾಕುವುದೂ ಸಲ್ಲದು. ಮಣ್ಣನ್ನು ಪರೀಕ್ಷೆ ಮಾಡಿಸಿಯೇ ಹಾಕತಕ್ಕದ್ದು.

ರೈತನು ಸಿಂಪಡಿಸಿದನು. ಹೊಸ ಎಲೆಗಳು ಹಸುರಾಗಿ ಬಂದವು. ಆದರೆ ಕಳೆದ ದಿನಗಳು ಬರಲಿಲ್ಲ, ರಾಶಿಯೂ ಕಡಮೆಯೇ ಆಯಿತು. ಆ ಚೀಲದ ಗೊಬ್ಬರದ ಹಣವನ್ನು ನಾವು ಕೊಡಹೋದೆವು. ಅವನು ಬಹಳ ಹೊತ್ತು ಒಲ್ಲೆನೆಂದು, ಕೊನೆಗೆ, “ಹಂಗಾರ ಬರೋ ವರ್ಷ ಮಣ್ಣು ಪರೀಕ್ಷೆಗೆ ನೀವೂ ಬರ್ರಿ, ಮಾಸ್ತರ್ರೇ” ಎಂದು ತೆಗೆದುಕೊಂಡನು. ಬರುವೆವೆಂದು ಮಾತು ಕೊಟ್ಟಿದ್ದೇವೆ.